ಫ್ಯಾನ್ ಹಚ್ಚುವ ರಿಪೇರಿ

ಕಮಲಾಪುರದ ಭಜನಾ ಮಂಡಳಿಯ ಆಂಪ್ಲಿಫೈಯರ್ ಇರಲಿ, ಕಲಬುರಗಿಯ ಮನೆಯೊಂದರ ಹೋಂ ಥಿಯೇಟರ್ ಇರಲಿ, ಕಾದು ನಿಂತುಹೋದರೆ ಸಿಗುವ ಚಿಕಿತ್ಸೆ ಹೆಚ್ಚಾಗಿ ಒಂದೇ. ‘ಐಸಿ ಹೋಗ್ಯದ್ರಿ’ ಎನ್ನುತ್ತಾರೆ. ಹೊಸ ಟಿಡಿಎ 2030 ಕೂರಿಸಿ, ಎದುರಿಗೊಂದು 12 ವೋಲ್ಟ್ ಫ್ಯಾನ್ ಹಚ್ಚುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಬಡ ಗಿರಾಕಿಯ ಹಣ ಉಳಿಸುವ ಈ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೂ ಐಸಿ ಯಾಕೆ ಕಾಯಿತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಕೇಳುವುದು ಕಷ್ಟವೂ ಅಲ್ಲ. ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಪೂರ್ತಿ ಇಳಿಸಿ, ಸೀರೀಸ್ ಬಲ್ಬ್ ಮೂಲಕ ಕರೆಂಟ್ ಕೊಡಬೇಕು. ಸುಮ್ಮನಿರುವಾಗ ಈ ಐಸಿ ಎಳೆಯುವುದು ಸುಮಾರು 40 ಮಿಲಿಆಂಪಿಯರ್. ಪ್ಲಸ್ 16, ಮೈನಸ್ 16 ವೋಲ್ಟ್ ಸಪ್ಲೈಯಲ್ಲಿ ಅದು ಒಂದೂಕಾಲು ವ್ಯಾಟ್‌ನಷ್ಟು ಬಿಸಿ. ಹೀಟ್‌ಸಿಂಕ್ ಮೇಲೆ ಬೆರಳಿಡಬಹುದು. ಆಗಲೂ ಸುಡುತ್ತಿದ್ದರೆ ಫ್ಯಾನ್‌ನಿಂದ ಏನೂ ಆಗದು. ಬಹುಮಟ್ಟಿಗೆ ಐಸಿ ಕಿವಿಗೆ ಕೇಳದ ಆವರ್ತನದಲ್ಲಿ ತನ್ನಷ್ಟಕ್ಕೆ ಆಸಿಲೇಟ್ ಆಗುತ್ತಿರುತ್ತದೆ. ಔಟ್‌ಪುಟ್‌ನ 1 ಓಮ್ ರೆಸಿಸ್ಟರ್ ಮತ್ತು ಅದರ ಜೊತೆಗಿನ ಕೆಪಾಸಿಟರನ್ನು ಉಳಿತಾಯಕ್ಕೆಂದು ಕೈಬಿಟ್ಟ ಬೋರ್ಡ್‌ಗಳಲ್ಲಿ, ಸಪ್ಲೈಯ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಪಿನ್‌ಗಳಿಂದ ದೂರ ಕೂತಲ್ಲಿ, ಗೇನ್ 24 ಡಿಬಿಗಿಂತ ಇಳಿದಲ್ಲಿ ಈ ರೋಗ ಬರುತ್ತದೆ. ಇನ್ನೊಂದನ್ನೂ ನೋಡಬೇಕು: ಐಸಿಯ ಲೋಹದ ಬೆನ್ನು ಒಳಗೆ ಮೂರನೇ ಪಿನ್‌ಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಮೈಕಾ ಹಾಳೆ, ಬುಷ್ ಹಾಕದೆ ಅರ್ಥ್ ಆದ ಪೆಟ್ಟಿಗೆಗೆ ಬಿಗಿದರೆ ನೇರ ಶಾರ್ಟ್.

ಹಾಡು ಹಾಕಿದಾಗ ಮಾತ್ರ ಕಾಯುತ್ತಿದ್ದರೆ ಲೋಡ್ ನೋಡಬೇಕು. ಅದೇ ಸಪ್ಲೈಯಲ್ಲಿ 8 ಓಮ್ ಸ್ಪೀಕರ್‌ಗೆ ಐಸಿ ಹೆಚ್ಚೆಂದರೆ ಆರೂವರೆ ವ್ಯಾಟ್ ಬಿಸಿ ಉಗುಳುತ್ತದೆ, 4 ಓಮ್‌ಗೆ 13. ಜಾತ್ರೆಗೆಂದು ಇನ್ನೊಂದು 4 ಓಮ್ ಸ್ಪೀಕರ್ ಸಮಾನಾಂತರವಾಗಿ ಸೇರಿಸಿದರೆ ಅದು 26ರ ಕಡೆ ಓಡುತ್ತದೆ. ಆ ಹೊರೆ ಈ ಐಸಿಗಲ್ಲ.

ಕಲಬುರಗಿಯ ಲೆಕ್ಕವೂ ಬೇರೆ. ಪುಸ್ತಕದ ಉದಾಹರಣೆಗಳು ಹೆಚ್ಚಾಗಿ 25 ಡಿಗ್ರಿಯ ಕೋಣೆಯವು. ಇಲ್ಲಿ ಮೇ ತಿಂಗಳಲ್ಲಿ ಹೊರಗೇ 42 ದಾಟುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ 50 ಸುಲಭ. ಐಸಿಯ ಒಳಗಿನ ತಾಪಮಾನವನ್ನು 145 ಡಿಗ್ರಿಯೊಳಗೆ ಹಿಡಿಯಬೇಕಾದರೆ, 13 ವ್ಯಾಟ್‌ಗೆ ಪುಸ್ತಕದ ಕೋಣೆಯಲ್ಲಿ ವ್ಯಾಟಿಗೆ 5 ಡಿಗ್ರಿ ಏರುವ ಹೀಟ್‌ಸಿಂಕ್ ಸಾಕಾದರೆ ಇಲ್ಲಿ 3 ಡಿಗ್ರಿಯದು ಬೇಕು. ಫ್ಯಾನ್ ಆ ಕೊರತೆ ತುಂಬುತ್ತದೆ, ನಿಜ. ಆದರೆ ಬೇಸಿಗೆಯ ಧೂಳಿಗೆ ಅದು ಸಿಕ್ಕಿಬಿದ್ದ ದಿನ ಐಸಿಗೆ ಬೇರೆ ಆಸರೆ ಇರುವುದಿಲ್ಲ. ಫ್ಯಾನಿನ ದುಡ್ಡನ್ನು ದೊಡ್ಡ ಅಲ್ಯೂಮಿನಿಯಂ ತುಂಡಿಗೆ ಹಾಕಿ, ಅದನ್ನು ಪೆಟ್ಟಿಗೆಯ ಹಿಂಬದಿಗೆ, ಹೊರಗಡೆ, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಬಿಗಿಯಬೇಕು.