ಮೇಲ್ಮನೆಯಲ್ಲಿ ಕೇರಿಯ ಓದು

ಹೋದ ವರ್ಷ ಎರಡನೇ ಬಿ.ಎ. ತರಗತಿಯಲ್ಲಿ ದಲಿತ ಸಾಹಿತ್ಯದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಸಂವಿಧಾನಾನ ನಾನೇ ಮೊದ್ಲು ಸುಡ್ತೀನಿ ಅಂತ ಅಂಬೇಡ್ಕರೇ ಅಂದಿದ್ರಂತಲ್ರೀ, ಹೌದೇನ್ರೀ?’ ಅಂದ. ಆ ದನಿಯಲ್ಲಿ ಕುತೂಹಲಕ್ಕಿಂತ ಗೆದ್ದ ಖುಷಿಯೇ ಹೆಚ್ಚಿತ್ತು. ‘ಅದು ಬೇರೆ ಸಂದರ್ಭ, ಆಮೇಲೆ ಹೇಳ್ತೀನಿ’ ಅಂತ ನಾನು ಪಾಠ ಮುಂದುವರಿಸಿದೆ. ನಿಜ ಹೇಳಬೇಕೆಂದರೆ ಆ ಸಂದರ್ಭ ಯಾವುದೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕೇರಿಯಲ್ಲಿ ಹುಟ್ಟಿ, ಎಂ.ಎ. ಮಾಡಿ, ಏಪ್ರಿಲ್ 14ರ ಸಭೆಗಳಲ್ಲಿ ಮೈಕು ಹಿಡಿದು ಭಾಷಣ ಮಾಡುವ ನಾನು ಆ ಮಾತನ್ನು ಅವರು ಎಲ್ಲಿ, ಯಾವತ್ತು, ಯಾಕೆ ಆಡಿದರೆಂದು ಓದಿಯೇ ಇರಲಿಲ್ಲ. ಸಂಜೆ ನಮ್ಮ ಕೇರಿ ಕಡೆಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ನೀವ್ಯಾಕ್ರೀ ಸುಮ್ನಾದ್ರಿ ಸಾರ್? ನೀವೇ ಸುಮ್ನಾದ್ರೆ ನಾವೇನ್ ಮಾತಾಡೋದು?’ ಅಂತ ಕೇಳಿದಳು. ಈ ಲೇಖನ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಅಂಬೇಡ್ಕರ್ ಅವರನ್ನು ನಾವು ಎರಡು ಚೂರಾಗಿ ಇಟ್ಟುಕೊಂಡಿದ್ದೇವೆ. ಒಂದು, ನಮ್ಮ ಬ್ಯಾನರುಗಳ ಮೇಲಿನ ‘ಸಂವಿಧಾನ ಶಿಲ್ಪಿ’. ಇನ್ನೊಂದು, ನಮ್ಮನ್ನು ಕಂಡರಾಗದವರು ಒಂದೇ ವಾಕ್ಯ ಕಿತ್ತುಕೊಂಡು ತೋರಿಸುವ ‘ಸಂವಿಧಾನ ಸುಡುವೆನೆಂದ’ ಅಂಬೇಡ್ಕರ್. ಇಬ್ಬರದೂ ಓದಲ್ಲ. ನಾವು ಹಾರ ಹಾಕುವಾಗ ಓದುವುದಿಲ್ಲ, ಅವರು ಕಲ್ಲು ಎತ್ತುವಾಗ ಓದುವುದಿಲ್ಲ. ದಲಿತ ವಿಮರ್ಶೆ ಎಂದು ವಿಶೇಷ ಸಂಚಿಕೆ ತರುತ್ತಿರುವ ಹೊತ್ತಿನಲ್ಲಿ ಈ ಎರಡು ಚೂರುಗಳ ನಡುವೆ ಕಳೆದುಹೋಗಿರುವ ಮನುಷ್ಯನನ್ನು, ಅಂದರೆ 1952ರಿಂದ 1956ರವರೆಗೆ ರಾಜ್ಯಸಭೆಯ ವಿರೋಧ ಪಕ್ಷದ ಬೆಂಚಿನಲ್ಲಿ ಕೂತಿದ್ದ ಸದಸ್ಯನನ್ನು, ವಿಮರ್ಶಕನಾಗಿ ಓದಬೇಕೆಂಬುದು ನನ್ನ ವಾದ. ದಲಿತ ವಿಮರ್ಶೆಯ ವಂಶಾವಳಿಯನ್ನು ಕಾವ್ಯಮೀಮಾಂಸೆಯಲ್ಲಿ ಹುಡುಕಿ ಸುಸ್ತಾಗುವ ಬದಲು ಸದನದ ನಡವಳಿಯಲ್ಲೂ ಹುಡುಕಬಹುದು.

ಮೊದಲು, ಅವರು ಅಲ್ಲಿಗೆ ಹೋದದ್ದು ಹೇಗೆ? ಹಿಂದೂ ಸಂಹಿತೆ ಮಸೂದೆಯನ್ನು ಸರ್ಕಾರ ಕೈಬಿಟ್ಟ ಸಂಕಟದಲ್ಲಿ 1951ರಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1952ರ ಮೊದಲ ಮಹಾ ಚುನಾವಣೆಯಲ್ಲಿ ಉತ್ತರ ಮುಂಬೈ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಲ್ಕರ್ ಎದುರು ಸೋತರು. ಅದೇ ವರ್ಷದ ಏಪ್ರಿಲ್‌ನಲ್ಲಿ ಮುಂಬೈ ರಾಜ್ಯದ ಶಾಸಕರಿಂದ ಆಯ್ಕೆಯಾಗಿ ರಾಜ್ಯಸಭೆಗೆ ಬಂದರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಲೋಕಸಭೆಗೆ ನಿಂತು ಮತ್ತೆ ಸೋತರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಿಗೆ ಜನರ ಸದನದ ಬಾಗಿಲು ಎರಡು ಸಲ ಮುಚ್ಚಿತು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪರಿಶಿಷ್ಟರಿಗೆ ಮೀಸಲು ಸ್ಥಾನ ಇರುವುದು ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಾತ್ರ. ರಾಜ್ಯಸಭೆಯಲ್ಲಿ, ನಮ್ಮ ವಿಧಾನ ಪರಿಷತ್ತಿನಲ್ಲಿ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ. ನಮಗಾಗಿ ಒಂದು ಕುರ್ಚಿಯನ್ನೂ ತೆಗೆದಿಡದ ಮೇಲ್ಮನೆಯಲ್ಲಿ ಕೂತು ಅವರು ಕೊನೆಯ ನಾಲ್ಕೂವರೆ ವರ್ಷ ಮಾತಾಡಿದರು.

ಈಗ ಆ ಸುಡುವ ಮಾತಿಗೆ ಬರೋಣ. ಅದು 1953ರ ಸೆಪ್ಟೆಂಬರ್ 2ರದು. ಸದನದ ಮುಂದಿದ್ದದ್ದು ಆಂಧ್ರ ರಾಜ್ಯ ಮಸೂದೆ. ಪೊಟ್ಟಿ ಶ್ರೀರಾಮುಲು ಉಪವಾಸ ಕೂತು 1952ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ಬಂದ ಮಸೂದೆ ಅದು. ಇದೇ ಮಸೂದೆಯಿಂದಲೇ ಆ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಾನು ಬಳ್ಳಾರಿ ಸೀಮೆಯವನು. ಏಕೀಕರಣದ ಹಬ್ಬವನ್ನು ಶಾಲೆಯಿಂದಲೂ ಮಾಡಿಕೊಂಡು ಬಂದವನು. ನನ್ನ ಊರು ಕನ್ನಡನಾಡಿಗೆ ಸೇರಿದ ಮಸೂದೆಯ ಚರ್ಚೆಯಲ್ಲೇ ಬಾಬಾಸಾಹೇಬರು ಆ ಮಾತು ಆಡಿದರೆಂದು ನನಗೆ ಯಾವ ಪಠ್ಯವೂ ಹೇಳಲಿಲ್ಲ.

ಅವತ್ತು ಅವರ ಪ್ರಶ್ನೆ ಸರಳ. ಭಾಷೆಯ ಹೆಸರಲ್ಲಿ ರಾಜ್ಯ ಕಟ್ಟುತ್ತೀರಿ. ಆ ರಾಜ್ಯದೊಳಗೆ ಬಲಿಷ್ಠ ಜಾತಿಯ ಕೈಗೆ ಅಧಿಕಾರ ಹೋದರೆ ಸಣ್ಣವರನ್ನು ಯಾರು ಕಾಯುತ್ತಾರೆ? ರಾಜ್ಯಪಾಲರಿಗೆ ಅಲ್ಪಸಂಖ್ಯಾತರನ್ನು ಕಾಪಾಡುವ ವಿಶೇಷ ಅಧಿಕಾರ ಕೊಡಿ ಎಂಬುದು ಅವರ ಸಲಹೆ. ರಾಜ್ಯಪಾಲ ಬರೀ ರಬ್ಬರ್ ಸ್ಟಾಂಪು ಆಗಿರಬೇಕೆಂದು ಹಿಂದೆ ನೀವೇ ವಾದಿಸಿದ್ದಿರಲ್ಲ ಎಂದು ಎದುರಿನವರು ಚುಚ್ಚಿದರು. ಸಂವಿಧಾನ ಮಾಡಿದವರೇ ನೀವಲ್ಲವೇ ಎಂದರು. ಆಗ ಬಂದ ಮಾತುಗಳು ಅವು: ನಾನು ಹೇಳಿದಂತೆ ಬರೆದುಕೊಟ್ಟ ಆಳು, ಎಷ್ಟೋ ಕಡೆ ನನ್ನ ಇಚ್ಛೆಗೆ ವಿರುದ್ಧವಾಗಿ ಬರೆದೆ, ಅದನ್ನು ಸುಡುವವರಲ್ಲಿ ನಾನೇ ಮೊದಲಿಗ ಎಂಬರ್ಥದವು. ಕಿತ್ತುಕೊಳ್ಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅವರು ನಿಲ್ಲಿಸಲಿಲ್ಲ. ಬಹುಸಂಖ್ಯಾತರು, ಅಲ್ಪಸಂಖ್ಯಾತರು ಇಬ್ಬರೂ ಇದ್ದಾರೆಂಬುದನ್ನು ಮರೆಯಬೇಡಿ. ಸಣ್ಣವರನ್ನು ಲೆಕ್ಕಕ್ಕೆ ಹಿಡಿದರೆ ಪ್ರಜಾಪ್ರಭುತ್ವ ಕೆಡುತ್ತದೆ ಅನ್ನಬೇಡಿ, ಅವರಿಗೆ ಪೆಟ್ಟು ಕೊಡುವುದರಿಂದಲೇ ಹೆಚ್ಚು ಕೆಡುತ್ತದೆ ಎಂಬಲ್ಲಿಗೆ ಆ ಮಾತು ಹೋಗಿ ಮುಟ್ಟುತ್ತದೆ. ಅಂದರೆ ಸಂವಿಧಾನ ಸಣ್ಣವರಿಗೆ ಹೆಚ್ಚು ಕೊಟ್ಟಿತೆಂದು ಅಲ್ಲ, ಸಾಲದಷ್ಟು ಕೊಟ್ಟಿತೆಂದು ಹುಟ್ಟಿದ ಸಿಟ್ಟು ಇದು. ಈ ಸಿಟ್ಟನ್ನು ಮೀಸಲಾತಿಯ ವಿರುದ್ಧ ಆಯುಧ ಮಾಡಿಕೊಳ್ಳುವವರು ಅರ್ಧ ವಾಕ್ಯದ ಕಳ್ಳರು.

ಬೆಂಕಿ ಅವರಿಗೆ ಹೊಸದಲ್ಲ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟಿದ್ದರು. ಆದರೆ ಎರಡೂ ಬೆಂಕಿ ಒಂದೇ ಅಲ್ಲ. ಮನುಸ್ಮೃತಿಯ ಮೇಲಿನ ಸಿಟ್ಟು ಅದು ಹೇಳಿದ್ದಕ್ಕೆ. ಸಂವಿಧಾನದ ಮೇಲಿನ ಸಿಟ್ಟು ಅದು ಹೇಳಿದ್ದು ನಡೆಯದೇ ಹೋದದ್ದಕ್ಕೆ. ಒಂದನ್ನು ನಿಜಕ್ಕೂ ಸುಟ್ಟರು, ಇನ್ನೊಂದನ್ನು ಮಾತಲ್ಲಷ್ಟೇ ಸುಟ್ಟರು. ಪಠ್ಯವೊಂದನ್ನು ತಿರಸ್ಕರಿಸುವುದಕ್ಕೂ ವಿಮರ್ಶಿಸುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೇ?

1955ರ ಮಾರ್ಚ್ 19ರಂದು ಸಂವಿಧಾನದ ನಾಲ್ಕನೇ ತಿದ್ದುಪಡಿಯ ಚರ್ಚೆಯಲ್ಲಿ ಸದಸ್ಯರೊಬ್ಬರು ಆ ಹಳೆಯ ಮಾತನ್ನು ಕೆದಕಿದರು. ದೇವರು ಬಂದು ನೆಲೆಸಲೆಂದು ಗುಡಿ ಕಟ್ಟಿದೆವು, ದೇವರಿಗಿಂತ ಮುಂಚೆ ಅಸುರರು ಹೊಕ್ಕು ಕೂತರೆ ಗುಡಿ ಕೆಡವದೆ ಇನ್ನೇನು ಮಾಡುವುದು ಎಂಬರ್ಥದ ಉತ್ತರ ಕೊಟ್ಟರು. ಅಸುರರನ್ನೇ ಹೊರಗೆ ಹಾಕಬಾರದೇ ಎಂಬ ಮಾತು ಬಂದಾಗ ಅಷ್ಟು ಶಕ್ತಿ ನಮಗಿಲ್ಲ ಎಂದರು. ಈ ಉತ್ತರ ಓದುವಾಗ ನನಗೆ ಕಸಿವಿಸಿಯಾಗುತ್ತದೆ. ದೇವರು-ಅಸುರರ ರೂಪಕ ವೈದಿಕರದು. ಮಹಿಷನನ್ನು ನಮ್ಮ ಪೂರ್ವಿಕನೆಂದು ಮೈಸೂರಿನಲ್ಲಿ ನೆನೆಯುವ ಇವತ್ತಿನ ನಾವು ‘ಅಸುರ’ ಎಂಬ ಪದವನ್ನು ಅಧಿಕಾರಸ್ಥರಿಗೆ ಸುಲಭವಾಗಿ ಬಿಟ್ಟುಕೊಡಲಾರೆವು. ಸದನಕ್ಕೆ ತಿಳಿಯುವ ಭಾಷೆಯಲ್ಲಿ ಮಾತಾಡುವ ಒತ್ತಡದಲ್ಲಿ ಅವರಂಥವರೂ ಎದುರಾಳಿಯ ರೂಪಕವನ್ನೇ ಎತ್ತಿಕೊಂಡರು. ಇದನ್ನು ಹೇಳುವುದು ಅಗೌರವ ಅಂತ ನಾನು ತಿಳಿದಿಲ್ಲ.

ಆದರೆ ಅವರೊಳಗಿನ ವಿಮರ್ಶಕ ಪೂರ್ತಿ ಕಾಣುವುದು ಆ ಸುಡುವ ಮಾತಲ್ಲಿ ಅಲ್ಲ, ಯಾರೂ ಉದ್ಧರಿಸದ ಇನ್ನೊಂದು ಭಾಷಣದಲ್ಲಿ. 1954ರ ಸೆಪ್ಟೆಂಬರ್‌ನಲ್ಲಿ ಅಸ್ಪೃಶ್ಯತಾ ಅಪರಾಧಗಳ ಮಸೂದೆ ರಾಜ್ಯಸಭೆಗೆ ಬಂತು. ನಮ್ಮಲ್ಲಿ ಯಾರೇ ಆಗಿದ್ದರೂ ಇಂಥ ಕಾಯ್ದೆ ಬಂತಲ್ಲ ಅಂತ ಮೇಜು ಕುಟ್ಟುತ್ತಿದ್ದೆವು. ಅವರು ಶೀರ್ಷಿಕೆಯಿಂದಲೇ ಜಗಳ ಶುರುಮಾಡಿದರು. ಈ ಹೆಸರು ಸರಿಯಿಲ್ಲ, ಇದು ಅಸ್ಪೃಶ್ಯರ ನಾಗರಿಕ ಹಕ್ಕುಗಳ ರಕ್ಷಣೆಯ ಕಾಯ್ದೆ ಅನ್ನಿಸಿಕೊಳ್ಳಬೇಕು ಎಂಬುದು ಅವರ ವಾದ. ಹೆಸರಲ್ಲೇನಿದೆ ಅನ್ನಬಹುದು. ಇದೆ. ‘ಅಸ್ಪೃಶ್ಯತಾ ಅಪರಾಧ’ ಅಂದಾಗ ಕಾನೂನು ನೋಡುವುದು ತಪ್ಪು ಮಾಡಿದವನನ್ನು. ‘ನಾಗರಿಕ ಹಕ್ಕು’ ಅಂದಾಗ ನೋಡುವುದು ಬಾವಿಯ ಕಟ್ಟೆ ಹತ್ತಬೇಕಾದವಳನ್ನು. ಮೊದಲನೆಯದರಲ್ಲಿ ನಾವು ಕನಿಕರಕ್ಕೆ ಪಾತ್ರರು, ಎರಡನೆಯದರಲ್ಲಿ ಹಕ್ಕುದಾರರು. ಕಾದಂಬರಿಯೊಂದರಲ್ಲಿ ದಲಿತ ಪಾತ್ರ ಮೇಲ್ಜಾತಿ ನಾಯಕನ ಪಶ್ಚಾತ್ತಾಪಕ್ಕೆ ನೆಪವಾಗಿ ಬರುತ್ತದೋ, ತನ್ನ ಕಾಲ ಮೇಲೆ ನಿಲ್ಲುತ್ತದೋ ಎಂದು ನಾವು ಕೇಳುವ ಪ್ರಶ್ನೆ ಇದೇ. ಅವರು ಅದನ್ನು ಮಸೂದೆಗೆ ಕೇಳಿದರು.

ಎರಡನೆಯ ಆಕ್ಷೇಪ ಇನ್ನೂ ಹರಿತ. ಆ ಮಸೂದೆಯಲ್ಲಿ ಅಪರಾಧಗಳನ್ನು ರಾಜಿ ಮಾಡಿಕೊಳ್ಳಲು ಅವಕಾಶವಿತ್ತು. ಊರಿನ ದೊಡ್ಡವರು, ಕೇರಿಯ ಕೂಲಿಯವರು ಮುಖಾಮುಖಿಯಾಗುವ ಕಡೆ ರಾಜಿ ಎಂದರೇನೆಂದು ಕೇರಿಯಲ್ಲಿ ಬದುಕಿದ ಎಲ್ಲರಿಗೂ ಗೊತ್ತು. ರಾತ್ರಿ ಕಟ್ಟೆಗೆ ಕರೆಸುವುದು, ‘ನಾಳೆ ನಮ್ಮ ಹೊಲಕ್ಕೇ ಬರಬೇಕಲ್ಲೋ’ ಅನ್ನುವುದು, ಒಂದಿಷ್ಟು ದುಡ್ಡು ಕೊಟ್ಟು ಹೆಬ್ಬೆಟ್ಟು ಒತ್ತಿಸುವುದು. ನನ್ನವ್ವನ ಬಾಯಲ್ಲಿ ‘ರಾಜಿ’ ಅಂದರೆ ಸೋಲು ಅಂತಲೇ ಅರ್ಥ. ಇಂಥ ರಾಜಿಗೆ ದಾರಿ ಬಿಟ್ಟರೆ ಕಾಯ್ದೆ ಇದ್ದೂ ಇಲ್ಲದಂತೆ ಎಂದು ಅವರು ಎಚ್ಚರಿಸಿದರು. ಶಿಕ್ಷೆ ತೀರಾ ಹಗುರ ಎಂದೂ ಹೇಳಿದರು. ಸದನ ಕೇಳಲಿಲ್ಲ. 1955ರಲ್ಲಿ ಜಾರಿಯಾದ ಕಾಯ್ದೆಯಲ್ಲಿ ಹಳೆಯ ಹೆಸರೇ ಉಳಿಯಿತು, ರಾಜಿಯ ಅವಕಾಶವೂ ಉಳಿಯಿತು. ಶಿಕ್ಷೆ ಹೆಚ್ಚೆಂದರೆ 6 ತಿಂಗಳ ಸೆರೆ ಅಥವಾ 500 ರೂಪಾಯಿ ದಂಡ ಅಥವಾ ಎರಡೂ. 1976ರಲ್ಲಿ ತಿದ್ದುಪಡಿಯಾದಾಗ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದಾಯಿತು, ರಾಜಿಯೂ ಹೋಯಿತು. ಹೇಳಿದ ಮನುಷ್ಯ ಸತ್ತು ಆಗ 20 ವರ್ಷ. ಆ 20 ವರ್ಷದಲ್ಲಿ ಎಷ್ಟು ಕಟ್ಟೆಗಳ ಮೇಲೆ ಎಷ್ಟು ಹೆಬ್ಬೆಟ್ಟು ಬಿದ್ದಿರಬೇಕು!

ಕಾಗದದ ಮೇಲೆ ರಾಜಿ ಹೋದರೂ ಊರಲ್ಲಿ ಹೋಗಲಿಲ್ಲ ಎಂಬುದು ಬೇರೆ ಮಾತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗುತ್ತಾನೆಂದು ಕೇಳುವವರು 1954ರ ಆ ಭಾಷಣವನ್ನು ಓದಬೇಕು.

ಅದೇ ತಿಂಗಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯುಕ್ತರ ವರದಿಯ ಮೇಲೆ ಮಾತಾಡುತ್ತ ಇನ್ನೊಂದು ಸಲಹೆ ಇಟ್ಟರು. ಉಪ್ಪಿನ ತೆರಿಗೆಯನ್ನು ಮತ್ತೆ ಹಾಕಿ, ಗಾಂಧಿಯ ಹೆಸರಲ್ಲೇ ಒಂದು ನಿಧಿ ಮಾಡಿ, ಆ ಹಣದಲ್ಲಿ ಅಸ್ಪೃಶ್ಯರಿಗೆ ನೆಲೆ ಕಲ್ಪಿಸಿ ಎಂದು. 1930ರಲ್ಲಿ ದಂಡಿಗೆ ನಡೆದು ಗಾಂಧಿ ಮುರಿದ ತೆರಿಗೆ ಅದು, ದೇಶ ಸ್ವತಂತ್ರವಾದ ವರ್ಷವೇ ರದ್ದಾದದ್ದು. ಇದರಲ್ಲಿ ವ್ಯಂಗ್ಯವೂ ಇದೆ, ಲೆಕ್ಕವೂ ಇದೆ. ಗಾಂಧಿಯ ಮೇಲೆ ನಿಮಗೆ ಅಷ್ಟು ಪ್ರೀತಿಯಿದ್ದರೆ ಒಂದು ಚಿಟಿಕೆ ಉಪ್ಪಿನಷ್ಟು ತೋರಿಸಿ ಅನ್ನುವ ಮಾತು ಅದು. ಆದರೆ ಉಪ್ಪಿನ ತೆರಿಗೆ ಬಡವರ ಗಂಜಿಗೂ ಬೀಳುತ್ತದಲ್ಲ ಎಂಬ ಪ್ರಶ್ನೆಯನ್ನು ನಾನು ಬದಿಗಿಡಲಾರೆ.

ರಾಜ್ಯಪಾಲರ ವಿಶೇಷ ಅಧಿಕಾರದ ಸಲಹೆಯನ್ನೂ ಒಪ್ಪಲಾರೆ. 1989ರಲ್ಲಿ ರಾಜ್ಯಪಾಲರ ವರದಿ ಹಿಡಿದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದನ್ನು, 1994ರಲ್ಲಿ ಸುಪ್ರೀಂ ಕೋರ್ಟು ಅಂಥ ವಜಾಗಳಿಗೆ ಕಡಿವಾಣ ಹಾಕಿದ್ದನ್ನು ಕಂಡ ನಾಡು ಇದು. ದೆಹಲಿಯಿಂದ ಬಂದ ಒಬ್ಬ ವ್ಯಕ್ತಿ ಕೇರಿಯನ್ನು ಕಾಯುತ್ತಾನೆಂದು ನಂಬಲು ನನಗೆ ಆಧಾರ ಕಾಣುವುದಿಲ್ಲ. ಪ್ರಶ್ನೆ ಸರಿ, ಪರಿಹಾರ ತಪ್ಪು. ಕನ್ನಡದ ರಾಜ್ಯವಾಯಿತು, ಕನ್ನಡದೊಳಗಿನ ಕೇರಿ ಏನಾಯಿತು ಎಂಬ ಆ ಪ್ರಶ್ನೆ ನವೆಂಬರ್ ಒಂದರ ವೇದಿಕೆಗಳ ಮೇಲೆ ಈಗಲೂ ಬರುವುದಿಲ್ಲ.

ಹೀಗೆ ಅಂಬೇಡ್ಕರ್ ಅವರೊಡನೆ ಜಗಳವಾಡಬಹುದೇ ಎಂದು ಗೆಳೆಯರು ಕೇಳುತ್ತಾರೆ. ತಾನೇ ಬರೆದ ಪಠ್ಯದ ಎದುರು ನಿಂತು ಇದು ಸಾಲದು ಎಂದವರು ಅವರು. ಆ ಮಾತು ಆಡಿದವರನ್ನು ಪ್ರಶ್ನಾತೀತ ಮಾಡುವುದು ಅವರ ಬಾಯಿಯನ್ನೇ ಮುಚ್ಚಿಸಿದಂತೆ. ನಮ್ಮವರು ಬರೆದದ್ದೆಲ್ಲ ಅನುಭವ, ಅನುಭವವಾದ್ದರಿಂದ ಪ್ರಾಮಾಣಿಕ, ಪ್ರಾಮಾಣಿಕವಾದ್ದರಿಂದ ವಿಮರ್ಶೆ ಬೇಡ ಎಂಬ ಸರಪಳಿ ನಮ್ಮ ಕಾಲಿಗೇ ಬಿದ್ದಿದೆ. ರಾಜ್ಯಸಭೆಯ ಅಂಬೇಡ್ಕರ್ ಅದನ್ನು ಬಿಚ್ಚುವ ದಾರಿ ತೋರಿಸುತ್ತಾರೆ. ಹೆಸರನ್ನು ನೋಡು, ಯಾರ ಕಡೆಯಿಂದ ಬರೆದಿದೆ ನೋಡು, ರಾಜಿಯ ಬಾಗಿಲು ಎಲ್ಲಿ ತೆರೆದಿದೆ ನೋಡು, ಕೊನೆಗೆ ಕೇರಿಯಲ್ಲಿ ಅದು ಏನಾಗುತ್ತದೆ ನೋಡು. ಮಸೂದೆಗಾದರೂ ಸರಿ, ಮಹಾಕಾವ್ಯಕ್ಕಾದರೂ ಸರಿ.

ಕನ್ನಡದಲ್ಲಿ ಇದಕ್ಕೆ ನೆಲ ಇಲ್ಲದಿಲ್ಲ. ಎರಡು ಅವಧಿ ವಿಧಾನ ಪರಿಷತ್ತಿನಲ್ಲಿದ್ದ ಕವಿ ಸಿದ್ಧಲಿಂಗಯ್ಯನವರ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂದು ಪುಸ್ತಕವಾಗಿ ಬಂದಿವೆ. ಅವರ ಹಾಡುಗಳ ಬಗ್ಗೆ ಬರೆದಷ್ಟು ನಾವು ಈ ಪುಸ್ತಕದ ಬಗ್ಗೆ ಬರೆದಿಲ್ಲ. ಬೀದಿಯಲ್ಲಿ ಹಾಡಿದ ಕವಿ ಸದನದಲ್ಲಿ ಏನು ಕೇಳಿದರು, ಏನು ಬಿಟ್ಟರು, ಅಧಿಕಾರದ ಸಾಮೀಪ್ಯ ಅವರ ಭಾಷೆಗೆ ಏನು ಮಾಡಿತು ಎಂದು ಕೇಳುವ ಲೇಖನವನ್ನು ನಮ್ಮಲ್ಲೇ ಯಾರಾದರೂ ಬರೆಯಬೇಕು. ಹಾರವೂ ಬೇಡ, ಕಲ್ಲೂ ಬೇಡ.

ಈ ವರ್ಷ ಅದೇ ಪಾಠ ಮತ್ತೆ ಬಂತು. ಈ ಸಲ ಯಾರೂ ಕೇಳುವ ಮುಂಚೆ ನಾನೇ ಆ ಮಾತು ಎತ್ತಿಕೊಂಡೆ. ‘ಹೌದು, ಹೇಳಿದ್ದರು. ಈಗ ಅದರ ಹಿಂದಿನ ಮಾತು, ಮುಂದಿನ ಮಾತು ಎರಡನ್ನೂ ಓದೋಣ’ ಅಂತ 1953ರ ಆ ಭಾಷಣವನ್ನು ನನಗೆ ಬಂದಷ್ಟು ಕನ್ನಡ ಮಾಡಿ ಓದಿ ಹೇಳಿದೆ. ತರಗತಿ ಸುಮ್ಮನೆ ಕೂತು ಕೇಳಿತು. ಹೋದ ವರ್ಷ ಬಾಗಿಲಲ್ಲಿ ನಿಂತಿದ್ದ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಆಕೆಗೆ ಆ ಹಾಳೆಗಳ ಜೆರಾಕ್ಸ್ ಕೊಟ್ಟೆ. ಮಾರನೆ ದಿನ ವಾಪಸು ತಂದಳು. ರಾಜ್ಯಪಾಲರ ಮಾತು ಬಂದ ಕಡೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.