ನಡುಗೆರೆ ದಾಟದ ಸರ್ಪ

ನರಸೀಪುರದ ಕಡೆಯ ಅಜ್ಜಿಯೊಬ್ಬರು ನಂಜನಗೂಡಿನ ದವಾಖಾನೆಯಲ್ಲಿ ನನ್ನೆದುರು ಕೂತು ಸೆರಗು ಸರಿಸಿದರು. ಬೆನ್ನುಮೂಳೆಯ ಪಕ್ಕದಿಂದ ಹೊರಟ ನೀರುಗುಳ್ಳೆಗಳ ಸಾಲು ಬಲಪಕ್ಕೆ ಬಳಸಿ ಹೊಕ್ಕುಳ ಹತ್ತಿರ ನಿಂತಿತ್ತು. ಮೇಲೆ ಒಣಗಿ ಬಿರಿದ ಕೆಮ್ಮಣ್ಣು. "ಸರ್ಪಸುತ್ತು ಕಣಪ್ಪ. ತಲೆ ಬಾಲ ಕೂಡಿದ್ರೆ ಮನ್ಸ ಉಳಿಯಕಿಲ್ಲ ಅಂತಾರೆ, ದಿಟವಾ?"

ದಿಟವಲ್ಲ. ಹಾಗೆ ಧೈರ್ಯವಾಗಿ ಹೇಳಲು ನನಗಿದ್ದ ಆಧಾರ ಗೋಡೆಯ ಮೇಲಿನ ಡರ್ಮಟೋಮ್ ನಕ್ಷೆ. ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳಲ್ಲಿ ಯಾವುದು ಚರ್ಮದ ಯಾವ ಪಟ್ಟಿಯನ್ನು ಕಾಯುತ್ತದೆ ಎಂದು ಅದು ತೋರಿಸುತ್ತದೆ. ಹೊಕ್ಕುಳಿನ ಪಟ್ಟಿ ಎದೆಭಾಗದ ಹತ್ತನೆಯ ನರದ್ದು. ಬಲದ ನರ ಬಲಕ್ಕೆ, ಎಡದ್ದು ಎಡಕ್ಕೆ. ಸರ್ಪಸುತ್ತಿನ ಗುಳ್ಳೆ ನರದ ಪಟ್ಟಿಯಗುಂಟವೇ ಏಳುತ್ತದೆ; ಆದ್ದರಿಂದಲೇ ಸುತ್ತು ಸಾಮಾನ್ಯವಾಗಿ ನಡುಗೆರೆಯಲ್ಲಿ ನಿಲ್ಲುತ್ತದೆ. ಈ ನಕ್ಷೆ ಹುಟ್ಟಿದ್ದೂ ಈ ರೋಗದಿಂದಲೇ: 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಸರ್ಪಸುತ್ತಿನ ರೋಗಿಗಳ ಗುಳ್ಳೆಗಳನ್ನು ಗುರುತಿಸಿ, ತೀರಿಕೊಂಡವರ ನರಗಂಟುಗಳನ್ನು ಪರೀಕ್ಷಿಸಿ ಅದನ್ನು ಬರೆದರು. ನಮ್ಮ ಹಳ್ಳಿಯವರು ಕಣ್ಣಳತೆಯಲ್ಲೇ ಕಂಡು ಹೆಸರಿಟ್ಟ ಸುತ್ತು ಅದು. ಮುಂಡದ ಮಟ್ಟಿಗೆ ನಕ್ಷೆಯನ್ನು ನಾನು ನಂಬುತ್ತೇನೆ.

ಕೈಕಾಲಿಗೆ ಬಂದಾಗ ಅಷ್ಟು ನಂಬಿಕೆ ಸಲ್ಲದು. ನಾಟಿ ಮಾಡಿ ಸೊಂಟ ಹಿಡಿದ ರೈತನ ಪಾದಕ್ಕೆ ಹತ್ತಿಯ ಎಳೆ ತಾಗಿಸುತ್ತೇನೆ. ಹೆಬ್ಬೆರಳು ಸೊಂಟದ ಐದನೆಯ ನರದ್ದು, ಕಿರುಬೆರಳು ಅದರ ಕೆಳಗಿನ ನರದ್ದು ಎನ್ನುತ್ತದೆ ನಕ್ಷೆ. ಆತ ಕಣ್ಣುಮುಚ್ಚಿಕೊಂಡು "ಎರಡೂ ಮಂಕು ಸಾರ್" ಎನ್ನುತ್ತಾನೆ. ತಪ್ಪು ಆತನದಲ್ಲ. 1933ರಲ್ಲಿ ಫೋರ್ಸ್ಟರ್, ಅಕ್ಕಪಕ್ಕದ ನರಬೇರುಗಳನ್ನು ಕತ್ತರಿಸಿದ ಮೇಲೂ ಉಳಿದ ಒಂದೇ ನರ ಎಷ್ಟು ಅಗಲಕ್ಕೆ ಸ್ಪರ್ಶ ಉಳಿಸಿಕೊಳ್ಳುತ್ತದೆ ಎಂದು ಅಳೆದರು. ಪಟ್ಟಿಗಳು ಒಂದರ ಮೇಲೊಂದು ಹರಡಿದ್ದವು. 1948ರಲ್ಲಿ ಕೀಗನ್ ಮತ್ತು ಗ್ಯಾರೆಟ್ ಡಿಸ್ಕ್ ಜಾರಿದವರ ಮಂಕು ಜಾಗಗಳಿಂದ ಬಿಡಿಸಿದ ನಕ್ಷೆಯಲ್ಲಿ ಅವು ಬೆನ್ನಿನಿಂದ ಬೆರಳವರೆಗೆ ರಿಬ್ಬನ್ನಿನಂತೆ ನೀಟಾಗಿ ಇಳಿಯುತ್ತವೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಆದರೂ ಪಠ್ಯಪುಸ್ತಕಗಳು ಯಾವುದೋ ಒಂದನ್ನು ಅಚ್ಚು ಹಾಕಿ, ತಾಲ್ಲೂಕಿನ ಗಡಿಯಷ್ಟು ಖಚಿತವಾದ ಗೆರೆ ಎಳೆದುಬಿಡುತ್ತವೆ. ನಂಜನಗೂಡು ದಾಟಿ ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವೆಡೆ ಮೊಳಕಾಲುದ್ದ ನೀರಲ್ಲಿ ನಿಂತು ನೋಡಿ, ಯಾವ ನೀರು ಯಾವ ಹೊಳೆಯದೆಂದು ಗೆರೆ ಎಳೆಯಲಾದೀತೇ? ಚರ್ಮವೂ ಹಾಗೆಯೇ. 2008ರಲ್ಲಿ ಲೀ, ಮೆಕ್‌ಫೀ ಮತ್ತು ಸ್ಟ್ರಿಂಗರ್ ಹಳೆಯ ಪುರಾವೆಗಳನ್ನೆಲ್ಲ ಜಾಲಾಡಿ, ಗೊಂದಲವಿದ್ದಲ್ಲಿ ಜಾಗ ಖಾಲಿ ಬಿಟ್ಟು ಹೊಸ ನಕ್ಷೆ ಕೊಟ್ಟರು. ವಿದ್ಯಾರ್ಥಿಗಳ ಮುಂದೆ ಇಡಬೇಕಾದದ್ದು ಆ ಖಾಲಿ ಜಾಗಗಳಿರುವ ನಕ್ಷೆಯನ್ನು.

ಕೆಮ್ಮಣ್ಣಿನ ಮೇಲೆ ನನ್ನ ತಕರಾರು ಬೇರೆ. ಸರ್ಪಸುತ್ತಿನ ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಮಣ್ಣು ನಂಬಿ ಕೂತ ಅಜ್ಜಿ ಬಂದದ್ದು ಐದನೆಯ ದಿನ. ಮಣ್ಣು ತೊಳೆದು, ಅವರದೇ ಬೆರಳು ಹಿಡಿದು ಬೆನ್ನಿನಿಂದ ಹೊಕ್ಕುಳವರೆಗೆ ಗುಳ್ಳೆಗಳ ಅಂಚಿನಲ್ಲೇ ನಡೆಸಿದೆ. "ಇಲ್ಲಿಗೆ ಈ ನರ ಮುಗೀತದೆ ಅವ್ವ." ಅವರು ತಾವೇ ಎಡಪಕ್ಕೆಯನ್ನು ಒಮ್ಮೆ ಸವರಿ ನೋಡಿಕೊಂಡರು.