ಕೆಚ್ಚಲಿನ ಲೆಕ್ಕವೂ ಕರುವಿನ ಲೆಕ್ಕವೂ

ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟವನ್ನಷ್ಟೇ ಓದಿ ವ್ಯಾಪಾರವು ಲಾಭದಲ್ಲಿದೆಯೆಂದು ಹೇಳುವವನನ್ನು ಯಾರೂ ನಂಬುವುದಿಲ್ಲ. ಹೈನುರಾಸುಗಳ ತಳಿ ಸುಧಾರಣೆಯ ಪುಸ್ತಕವನ್ನು ಮಾತ್ರ ಜಗತ್ತು ಬಹುಕಾಲ ಹೀಗೆಯೇ ಓದಿತು.

1962ರಲ್ಲಿ ಅಮೆರಿಕದಲ್ಲಿ ಜನಿಸಿದ ‘ಪಾನೀ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹೋಲ್‌ಸ್ಟೀನ್ ಹೋರಿಯ ವೃತ್ತಾಂತವು ಇದಕ್ಕೆ ನಿದರ್ಶನ. ಕೃತಕ ಗರ್ಭಧಾರಣೆಯ ಮೂಲಕ ಅದಕ್ಕೆ ಸುಮಾರು 16,000 ಹೆಣ್ಣು ಕರುಗಳು ಹುಟ್ಟಿದವು. ಮೊಮ್ಮಕ್ಕಳ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. ಹಾಲು ಹೆಚ್ಚಿತು. ಆದರೆ ಅದರ ವಂಶವಾಹಿಗಳಲ್ಲಿ ಒಂದು ದೋಷವೂ ಅಡಗಿತ್ತು. ತಂದೆ ತಾಯಿ ಎರಡೂ ಕಡೆಯಿಂದ ಆ ದೋಷವು ಬಂದು ಕೂಡಿದರೆ ಭ್ರೂಣವು ಗರ್ಭದಲ್ಲಿಯೇ ಸಾಯುತ್ತದೆ. 2011ರಲ್ಲಿ ಸಂಶೋಧಕರು ಇದರ ಸುಳಿವನ್ನು ಹಿಡಿದರು. 2016ರಲ್ಲಿ ದೋಷವಿರುವ ವಂಶವಾಹಿ ಯಾವುದೆಂದು ತಿಳಿದುಬಂದಿತು. 35 ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಹಸುಗಳು ಕಂದು ಹಾಕಿದುದಕ್ಕೆ ಇದೇ ಕಾರಣವೆಂದೂ, ನಷ್ಟವು ಸುಮಾರು 42 ಕೋಟಿ ಡಾಲರ್ ಎಂದೂ, ಆ ಹೋರಿಯಿಂದ ಒದಗಿದ ಹಾಲಿನ ಲಾಭವು 3,000 ಕೋಟಿ ಡಾಲರ್ ಎಂದೂ ಅಂದಾಜು ಮಾಡಲಾಯಿತು.

ಕಾರಣವನ್ನು ಶೋಧಿಸಿದ ವಿದ್ವಾಂಸರ ಶ್ರಮವು ಸ್ತುತ್ಯರ್ಹ. ಲೆಕ್ಕವಿಟ್ಟ ರೀತಿ ಮಾತ್ರ ವಿಚಾರಾರ್ಹ. ಇಲ್ಲಿ ಖರ್ಚಿನ ಪುಟದಲ್ಲಿರುವುದು ಒಡೆಯನ ಹಣವೇ ಹೊರತು ತಾಯಿಪಶುವಿನ ವೇದನೆಯಲ್ಲ. ಲಾಭವನ್ನು ಪಡೆದವನು ಒಬ್ಬ, ನಷ್ಟವನ್ನು ಹೊತ್ತ ಜೀವ ಇನ್ನೊಂದು. ಇಂತಹ ಎರಡು ಖಾತೆಗಳನ್ನು ಕೂಡಿಸಿ ಕಳೆದು ‘ಒಟ್ಟಿನಲ್ಲಿ ಲಾಭ’ ಎಂದು ಬರೆಯುವುದು ಯಾವ ನ್ಯಾಯ?

2014ರಲ್ಲಿ ಪ್ರಕಟವಾದ ಇನ್ನೊಂದು ಶೋಧವು ಇದಕ್ಕಿಂತಲೂ ಮನಕಲಕುವಂಥದು. ಉತ್ತರ ಯುರೋಪಿನ ಕೆಂಪು ಹಸುಗಳಲ್ಲಿ ವಂಶವಾಹಿ ಎಳೆಯ ಒಂದು ತುಂಡು ಕಳಚಿಹೋಗಿರುವುದು ಕಂಡುಬಂತು. ಒಂದು ಪ್ರತಿಯಲ್ಲಿ ಮಾತ್ರ ಅದಿಲ್ಲದ ಹಸು ಹೆಚ್ಚು ಹಾಲು ಕೊಡುತ್ತದೆ; ಎರಡರಲ್ಲಿಯೂ ಇಲ್ಲದಿದ್ದರೆ ಭ್ರೂಣವು ಬದುಕುವುದಿಲ್ಲ. ಹಾಲನ್ನೇ ನೋಡಿ ಹೋರಿಗಳನ್ನು ಆರಿಸಿದವರು, ತಮಗರಿವಿಲ್ಲದೆಯೇ ಮರಣವನ್ನೂ ಆರಿಸುತ್ತ ಬಂದಿದ್ದರು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ಶ್ರಾವಕರು ಬಲ್ಲರು. ಭಾರವನ್ನು ಹೇರುವುದು ಬೆನ್ನಿನ ಮೇಲೆ ಮಾತ್ರವಲ್ಲ, ಕೆಚ್ಚಲಿನ ಮೇಲೂ ಹೇರಬಹುದು.

ಹಾಗೆಂದು ವಿದ್ಯೆಯನ್ನೇ ದೂಷಿಸುವುದು ಸಲ್ಲದು. ಹೋಲ್‌ಸ್ಟೀನ್ ತಳಿಯಲ್ಲಿ ಬಿಳಿ ರಕ್ತಕಣಗಳು ಸೋಂಕಿನ ಸ್ಥಳವನ್ನು ತಲುಪಲಾರದೆ ಎಳೆಗರುಗಳು ಸಾಯುವ ಒಂದು ಆನುವಂಶಿಕ ರೋಗವಿತ್ತು. 1992ರಲ್ಲಿ ಅದರ ವಂಶವಾಹಿ ಗುರುತು ಪತ್ತೆಯಾಯಿತು. ಹೋರಿಗಳನ್ನು ಪರೀಕ್ಷಿಸಿ ದೋಷವುಳ್ಳವನ್ನು ಬಿಡುತ್ತ ಬಂದುದರಿಂದ ಆ ರೋಗವು ಬಹುಮಟ್ಟಿಗೆ ಅಡಗಿತು. 2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು ವಿದ್ವಾಂಸರು ಸಾವಿರಾರು ಗುರುತುಗಳನ್ನು ಒಟ್ಟಿಗೆ ತೂಗಿ ಪಶುವಿನ ಯೋಗ್ಯತೆಯನ್ನು ಅಳೆಯುವ ಕ್ರಮವನ್ನು ಮುಂದಿಟ್ಟರು; 2009ರಲ್ಲಿ ಅಮೆರಿಕವು ಅದನ್ನು ಅಧಿಕೃತವಾಗಿ ಬಳಕೆಗೆ ತಂದಿತು. ಹೆಣ್ಣು ಸಂತತಿ ಬೆಳೆದು ಹಾಲು ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕಿದ್ದ ಮಾಹಿತಿಯು ಈಗ ಎಳೆಗರುವಿನ ಕೂದಲಿನಿಂದಲೇ ದೊರೆಯುತ್ತದೆ.

ಆದರೆ ಗುರುತು ತಾನಾಗಿ ಏನನ್ನೂ ನುಡಿಯದು. ಕೆಚ್ಚಲು ಬಾವು ಯಾವ ಹಸುವಿಗೆ ಬಂತು, ಯಾವುದು ಸಕಾಲದಲ್ಲಿ ಗಬ್ಬವಾಯಿತು ಎಂದು ಕೊಟ್ಟಿಗೆಯಲ್ಲಿ ಬರೆದಿಟ್ಟ ದಾಖಲೆಯೇ ಅದಕ್ಕೆ ಅರ್ಥವನ್ನು ಕೊಡುವುದು. ಗುರುತುಗಳ ಕಾಲಕ್ಕೆ ಬಹಳ ಮೊದಲೇ, 1970ರ ದಶಕದಲ್ಲಿ, ನಾರ್ವೆ ದೇಶವು ಹಸುಗಳ ರೋಗದ ವಿವರಗಳನ್ನು ದಾಖಲಿಸಿ ಹೋರಿಗಳ ಆಯ್ಕೆಯಲ್ಲಿ ಆರೋಗ್ಯಕ್ಕೂ ಸ್ಥಾನವನ್ನು ಕೊಟ್ಟಿತು. ಅಲ್ಲಿ ಮೊದಲು ಬಂದುದು ಯಂತ್ರವಲ್ಲ, ವಿವೇಕ. ಹಾಲಿನ ದಾಖಲೆಯನ್ನಷ್ಟೇ ಇಟ್ಟವರಿಗೆ ಗುರುತುಗಳು ಹಾಲಿನ ದಾರಿಯನ್ನಷ್ಟೇ ವೇಗವಾಗಿ ತೋರಿಸುತ್ತವೆ.

ಭಾರತದಲ್ಲಿಯೂ 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಮಂತ್ರಿಗಳು ದನಗಳಿಗಾಗಿ ‘ಗೌ ಚಿಪ್’, ಎಮ್ಮೆಗಳಿಗಾಗಿ ‘ಮಹಿಷ್ ಚಿಪ್’ ಎಂಬ ಪರೀಕ್ಷಾ ಸಾಧನಗಳನ್ನು ಬಿಡುಗಡೆ ಮಾಡಿದರು. ದೇಶೀ ತಳಿಗಳ ಗುಣಗಳನ್ನು ಅವುಗಳದೇ ಅಳತೆಯಿಂದ ಅಳೆಯುವ ಈ ಯತ್ನವು ಸ್ವಾಗತಾರ್ಹ. ಆದರೆ ಆಯ್ಕೆಯೆಂದರೆ ಕೆಲವನ್ನು ಬಿಡುವುದೂ ಹೌದು. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಗಂಡುಗರುವಿನ, ಗಬ್ಬ ನಿಲ್ಲದ ಹಸುವಿನ ಗತಿಯೇನು? ಬಂಜೆತನವನ್ನು ತಡೆಯುವ ವಿದ್ಯೆಯು ಹಸುವಿನ ಆಯುಷ್ಯವನ್ನು ಹೆಚ್ಚಿಸಬಲ್ಲುದು. ಬಂಜೆಯಾಗುವ ಮಣಕವನ್ನು ಮೊದಲೇ ಗುರುತಿಸಿ ಮಾರಿಬಿಡಲೂ ಅದೇ ವಿದ್ಯೆಯು ನೆರವಾಗಬಲ್ಲುದು.

ಆದುದರಿಂದ ಗೋಶಾಲೆಗಳಿಗೆ ದ್ರವ್ಯವನ್ನು ಕೊಡುವ ಬಸದಿಯ ಟ್ರಸ್ಟುಗಳೂ ಹಾಲನ್ನು ಕೊಳ್ಳುವ ಮನೆಗಳೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಬಳಸಿದ ಹೋರಿಯ ದೋಷಗಳನ್ನು ಪರೀಕ್ಷಿಸಲಾಗಿದೆಯೆ? ಆಯ್ಕೆಯಾಗದ ಪಶುವಿಗೆ ಮೇವು ನೀಡುವವರು ಯಾರು? ಮೊದಲ ಪ್ರಶ್ನೆಗೆ ವಿಜ್ಞಾನವು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು, ಹಾಲನ್ನು ಕುಡಿದವರು.